ಉಕ್ಕಿನ ಮಿಣಿ ಹಿಡಿದು ರಾಯಗಡಕ್ಕೆ

ದೀಪಾವಳಿ ಸೂಟಿಯಲ್ಲಿ ಮನೋಳಿಯಿಂದ ರಾಯಗಡಕ್ಕೆ ಹೋದಾಗ ಅವ್ವನದೇ ಚಿಂತೆಯಾಗಿತ್ತು. ಕೋಟೆಗೆ 1,400ಕ್ಕೂ ಹೆಚ್ಚು ಮೆಟ್ಟಿಲು, ಅವ್ವನ ಮೊಣಕಾಲು ಹೊಲದಲ್ಲೇ ಸವೆದಿವೆ. ಹಿರಕಣಿವಾಡಿಯಲ್ಲಿ ರೋಪ್‌ವೇ ಡಬ್ಬಿಯೊಳಗೆ ಕೂತೆವು. ನಾಲ್ಕೇ ನಿಮಿಷದ ದಾರಿ. ನಡುವೆ, ಮೇಲಿನಿಂದ ಇಳಿಯುವ ಡಬ್ಬಿ ನಮ್ಮ ಪಕ್ಕದಲ್ಲೇ ದಾಟಿಹೋಯಿತು. ಕಣ್ಣು ಮುಚ್ಚಿ ಯಲ್ಲಮ್ಮನನ್ನು ನೆನೆಯುತ್ತಿದ್ದ ಅವ್ವ ಅಷ್ಟರಲ್ಲಿ ಕಣ್ಣು ತೆರೆದಿದ್ದಳು.

“ತಮ್ಮಾ, ಅದು ಇಳಿದರ ನಾವು ಏರತೀವಿ, ಹೌದಲ್ಲೋ? ಬಾವಿ ಗಡಗಡಿಗೆ ಎರಡು ಕೊಡ ಕಟ್ಟಿಧಾಂಗ.”

ಇಡೀ ಯಂತ್ರದ ಗುಟ್ಟು ಆ ಮಾತಿನಲ್ಲಿದೆ. ಎರಡು ಡಬ್ಬಿಗಳು ಒಂದೇ ಹಗ್ಗದ ಎರಡು ತುದಿಗಳಿಗೆ ಜೋಡಿಸಿದಂತಿರುತ್ತವೆ. ಖಾಲಿ ಡಬ್ಬಿಗಳ ತೂಕ ಒಂದಕ್ಕೊಂದು ಸರಿದೂಗಿಬಿಡುತ್ತದೆ. ಏರುವವರಿಗೂ ಇಳಿಯುವವರಿಗೂ ಇರುವ ತೂಕದ ವ್ಯತ್ಯಾಸವನ್ನು ಎತ್ತಿ, ಗಾಲಿಗಳ ತಿಕ್ಕಾಟವನ್ನು ಗೆದ್ದರೆ ಮೋಟರಿನ ಕೆಲಸ ಮುಗಿಯಿತು. ಇಳಿಯುವವರೇ ಹೆಚ್ಚಾದಾಗ ಅದೇ ಮೋಟರು ಎಳೆಯುವುದನ್ನು ಬಿಟ್ಟು ತಡೆಯಬೇಕಾಗುತ್ತದೆ.

ಇಂಥ ರೋಪ್‌ವೇಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಹಗ್ಗಗಳಿರುತ್ತವೆ. ಒಂದು ಅಲುಗದೆ ನಿಂತು ರೈಲು ಹಳಿಯಂತೆ ಭಾರ ಹೊರುತ್ತದೆ, ಇನ್ನೊಂದು ಓಡುತ್ತ ಎಳೆಯುತ್ತದೆ. ಕಾಶ್ಮೀರದ ಗುಲ್ಮಾರ್ಗದಲ್ಲಿ ಹೊರುವುದೂ ಎಳೆಯುವುದೂ ಒಂದೇ ಹಗ್ಗ. ಅಲ್ಲಿ ಪ್ರತಿ ಡಬ್ಬಿಯೂ ಸ್ಪ್ರಿಂಗಿನ ಇಕ್ಕಳದಿಂದ ಓಡುವ ಹಗ್ಗವನ್ನು ಕಚ್ಚಿಕೊಳ್ಳುತ್ತದೆ. ಕರೆಂಟು ಹೋದರೂ ಹಿಡಿತ ಸಡಿಲುವುದಿಲ್ಲ.

ನನ್ನನ್ನು ಬೆರಗುಗೊಳಿಸುವುದು ಆ ಹಗ್ಗವೇ. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟದ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬಾತ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದ. ಅದಕ್ಕೂ ಮುಂಚೆ ಅಲ್ಲಿ ಸರಪಳಿಗಳಿದ್ದವು. ಸರಪಳಿಯ ಒಂದು ಕೊಂಡಿ ಮುರಿದರೆ ಎಲ್ಲವೂ ಕೆಳಗೆ. ಹೊಸೆದ ಹಗ್ಗ ಹಾಗಲ್ಲ. ನಮ್ಮ ಕಡೆ ಪುಂಡಿನಾರಿನ ಹಗ್ಗ ಹೊಸೆದವರಿಗೆ ಇದು ಗೊತ್ತು: ಒಂದು ಎಳೆ ಹರಿದರೆ ಅಕ್ಕಪಕ್ಕದವು ಅದರ ಪಾಲಿನ ಭಾರ ಹೊರುತ್ತವೆ. ಹರಿದ ಎಳೆಯೂ ಕೆಲವು ಸುತ್ತು ದಾಟಿದ ಮೇಲೆ, ಉಳಿದವುಗಳ ಒತ್ತಡದಲ್ಲಿ ಸಿಕ್ಕಿ, ಮತ್ತೆ ಭಾರಕ್ಕೆ ಹೆಗಲು ಕೊಡುತ್ತದೆ. ಉಕ್ಕಿನಲ್ಲೂ ಇದೇ ನಡೆಯುತ್ತದೆ.

ಹಗ್ಗ ಜೋತಿರುವುದನ್ನು ಕಂಡು ಹೆದರುವವರಿದ್ದಾರೆ. ಜೋತಿರಲೇಬೇಕು. ಅರಿವೆ ಒಣಹಾಕುವ ತಂತಿಯನ್ನು ಎಷ್ಟು ಬಿಗಿದರೂ ಒದ್ದೆ ಧೋತರ ಹಾಕಿದಾಗ ಅದು ಬಾಗುತ್ತದಲ್ಲ? 500 ಮೀಟರ್ ದೂರದಲ್ಲಿರುವ, ಒಂದೇ ಎತ್ತರದ ಎರಡು ಕಂಬಗಳ ನಡುವೆ ಮೀಟರಿಗೆ 5 ಕಿಲೋ ತೂಗುವ ಹಗ್ಗ 20 ಮೀಟರ್ ಜೋತಿದ್ದರೆ, ಬರೀ ತನ್ನ ತೂಕಕ್ಕೇ ಅದು ಸುಮಾರು 8 ಟನ್ ಬಲದಿಂದ ಕಂಬಗಳನ್ನು ಜಗ್ಗುತ್ತದೆ. 10 ಮೀಟರ್ ಮಾತ್ರ ಜೋಲುವಂತೆ ಬಿಗಿದರೆ 16 ಟನ್. ಪೂರ್ತಿ ನೇರ ಮಾಡಲು ಹೊರಟರೆ ಯಾವ ಉಕ್ಕೂ ಸಾಲದು.

ಕನ್ನಡ ನಾಡಿಗೆ ಈ ವಿದ್ಯೆ ಹೊಸತಲ್ಲ. 1918ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಾಗಿ ಕೆಮ್ಮಣ್ಣುಗುಂಡಿಯ ಅದಿರು ತಣಿಗೆಬೈಲಿಗೆ ಇಳಿಯುತ್ತಿದ್ದದ್ದು ತಂತಿಹಗ್ಗದ ತೊಟ್ಟಿಲುಗಳಲ್ಲೇ.

ಅದಿರಿನ ತೊಟ್ಟಿಲು ಗಾಳಿಯಲ್ಲಿ ನಿಂತರೆ ನಷ್ಟ, ಅಷ್ಟೆ. ಮನುಷ್ಯರು ನಿಂತರೆ? 2022ರ ಏಪ್ರಿಲ್ 10ರಂದು ಝಾರ್ಖಂಡದ ತ್ರಿಕೂಟ ಬೆಟ್ಟದ ರೋಪ್‌ವೇ ಕೆಟ್ಟು, ವಾಯುಪಡೆಯ ಹೆಲಿಕಾಪ್ಟರುಗಳು ಮೂರನೆಯ ದಿನದವರೆಗೂ ಜನರನ್ನು ಡಬ್ಬಿಗಳಿಂದ ಎತ್ತಬೇಕಾಯಿತು. ಮೂವರು ಸತ್ತರು. ರೋಪ್‌ವೇಯನ್ನು ಕಾಯುವುದು ದಿನದಿನದ ತಪಾಸಣೆ. ಹಗ್ಗದ ಹೊರಗಿನ ಸವೆತ ಕಣ್ಣಿಗೆ ಬೀಳುತ್ತದೆ, ಒಳಗೆ ಹರಿದ ತಂತಿ ಬೀಳುವುದಿಲ್ಲ. ಅದಕ್ಕೆಂದೇ ಹಗ್ಗವನ್ನು ಬಲವಾದ ಅಯಸ್ಕಾಂತದ ನಡುವೆ ಹಾಯಿಸುತ್ತಾರೆ. ತಂತಿ ಹರಿದಲ್ಲಿ ಕಾಂತಕ್ಷೇತ್ರ ಹೊರಗೆ ಸೋರುತ್ತದೆ, ಉಪಕರಣ ಅದನ್ನು ಗುರುತು ಹಾಕುತ್ತದೆ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ನಂದಿಬೆಟ್ಟದ ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆಯಾಗಿದೆ. ನಾಳೆ ನಮ್ಮ ಗುಡ್ಡಕ್ಕೂ ಬಂದರೆ ನಾನು ಸಂತೋಷಪಡುವವನೇ, ಅವ್ವನಂಥವರು ಎಷ್ಟೋ ಮಂದಿ ಇದ್ದಾರೆ. ಆದರೆ ಟಿಕೆಟ್ ದರದ ಬೋರ್ಡಿನ ಪಕ್ಕದಲ್ಲೇ ಹಗ್ಗವನ್ನು ಕೊನೆಯ ಸಲ ಪರೀಕ್ಷಿಸಿದ ತಾರೀಖನ್ನೂ ಬರೆದಿರಬೇಕು. ಬರೆದಿಲ್ಲದಿದ್ದರೆ ಡಬ್ಬಿ ಹತ್ತುವ ಮುಂಚೆ ನೀವೇ ಕೇಳಿ.