ಜವ, ವೇಗ, ವೇಗೋತ್ಕರ್ಷ

400 ಮೀಟರ್ ಟ್ರ್ಯಾಕಿನಲ್ಲಿ ಒಂದು ಸುತ್ತು ಓಡಿ ಹೊರಟಲ್ಲಿಗೇ ಬಂದು ನಿಂತವರು ಕ್ರಮಿಸಿದ ದೂರ 400 ಮೀಟರ್. ಸ್ಥಾನಪಲ್ಲಟ, ಅಂದರೆ ಹೊರಟಲ್ಲಿಂದ ನಿಂತಲ್ಲಿಗೆ ಇರುವ ನೇರ ಅಂತರ, ಮಾತ್ರ ಸೊನ್ನೆ. 50 ಸೆಕೆಂಡು ಹಿಡಿದಿದ್ದರೆ ಸರಾಸರಿ ಜವ ಸೆಕೆಂಡಿಗೆ 8 ಮೀಟರ್, ಸರಾಸರಿ ವೇಗ ಸೊನ್ನೆ. ಬೆವರು ಸುರಿಸಿದವರಿಗೆ ಇದು ಅನ್ಯಾಯವೆನಿಸೀತು. ಆದರೆ ವೇಗಕ್ಕೆ ದಿಕ್ಕಿನ ಲೆಕ್ಕವೂ ಬೇಕು, ಜವಕ್ಕೆ ಬೇಡ.

ವೇಗ ಬದಲಾಗುವ ದರವೇ ವೇಗೋತ್ಕರ್ಷ. ಟ್ರ್ಯಾಕಿನ ತಿರುವಿನಲ್ಲಿ ಜವ ಒಂದೇ ಇದ್ದರೂ ದಿಕ್ಕು ಬದಲಾಗುವುದರಿಂದ ಅಲ್ಲೂ ವೇಗೋತ್ಕರ್ಷವಿದೆ.

ಬೀಳುವ ವಸ್ತುವಿನ ವೇಗೋತ್ಕರ್ಷವನ್ನು ಅಳೆಯಲು ಗೆಲಿಲಿಯೋ ಬಳಿ ತಕ್ಕ ಗಡಿಯಾರವಿರಲಿಲ್ಲ. ಇಳಿಜಾರು ಹಲಗೆಯ ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿ, ಅಷ್ಟರಲ್ಲಿ ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಆತ ಕಾಲ ಅಳೆದ. ಕಾಲ ಇಮ್ಮಡಿಯಾದರೆ ದೂರ ನಾಲ್ಮಡಿ ಎಂಬ ಫಲಿತಾಂಶ 1638ರಲ್ಲಿ ಅಚ್ಚಾಯಿತು. ಗಾಳಿಯ ತಡೆಯಿಲ್ಲದೆ ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡು ಕಳೆದಂತೆ ಸೆಕೆಂಡಿಗೆ ಸುಮಾರು 9.8 ಮೀಟರಿನಷ್ಟು ಏರುತ್ತದೆ.