ಪದದೊಳಗಣ ಪೂರ್ಣವಿರಾಮ

ಗಣಕಯಂತ್ರದ ಪದಪರೀಕ್ಷಕವು ಒಂದು ಪದ ಶುದ್ಧವೋ ಅಶುದ್ಧವೋ ಎಂದು ನಿರ್ಣಯಿಸುವುದಕ್ಕೆ ಮುನ್ನ, ಆ ಪದವು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಸಂಕ್ಷಿಪ್ತ ರೂಪಗಳ ವಿಷಯದಲ್ಲಿ ಅದು ಎಡವುವುದು ಬಹುಮಟ್ಟಿಗೆ ಈ ಮೊದಲ ಹೆಜ್ಜೆಯಲ್ಲಿಯೇ. ವಾಕ್ಯವನ್ನು ಮುಗಿಸುವ ಚುಕ್ಕೆಯೂ, ‘ಕ್ರಿ.ಶ.’ ಎಂಬಲ್ಲಿ ಲುಪ್ತವಾದ ಅಕ್ಷರಗಳನ್ನು ಸೂಚಿಸುವ ಚುಕ್ಕೆಯೂ ಯಂತ್ರಕ್ಕೆ ಒಂದೇ ಸಂಕೇತ. ಇಂಗ್ಲಿಷಿನಲ್ಲಾದರೆ ಮುಂದಿನ ಪದ ದೊಡ್ಡಕ್ಷರದಿಂದ ಆರಂಭವಾಯಿತೇ ಎಂದು ನೋಡಿ ಒಂದಿಷ್ಟು ಊಹಿಸಬಹುದು. ಆ ಭೇದವನ್ನೇ ಅರಿಯದ ನಮ್ಮ ಲಿಪಿಯಲ್ಲಿ ಆ ಆಸರೆಯೂ ಇಲ್ಲ.

ಪದವಿಭಜನೆಗೆಂದು ಯೂನಿಕೋಡ್ ವಿಧಿಸಿರುವ ಸೂತ್ರಗಳ ಪ್ರಕಾರ, ಎರಡು ಅಕ್ಷರಗಳ ನಡುವೆ ಸಿಕ್ಕಿದ ಚುಕ್ಕೆ ಪದವನ್ನು ಒಡೆಯದು. ಅಕ್ಷರಕ್ಕೂ ಅಂಕಿಗೂ ನಡುವೆ ಬಂದದ್ದು ಒಡೆಯುವುದು. ಆದಕಾರಣ ‘ಕಿ.ಮೀ.’ ಎಂಬಲ್ಲಿ ನಡುವಣ ಚುಕ್ಕೆ ಉಳಿದು ಕಡೆಯದು ಕಳಚಿಹೋಗುತ್ತದೆ, ‘ರೂ.500’ ಮೂರು ತುಂಡಾಗುತ್ತದೆ.

ಕಡೆಯ ಚುಕ್ಕೆಯ ಈ ತೊಡಕಿಗೆ, ಹಂಗೇರಿಯ ಲಾಸ್ಲೋ ನೇಮೆತ್ ರಚಿಸಿದ, ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಬಳಕೆಯಲ್ಲಿರುವ ಹನ್‌ಸ್ಪೆಲ್ ಎಂಬ ತಂತ್ರಾಂಶವು ಸರಳವಾದ ಉಪಾಯವೊಂದನ್ನು ಕಂಡುಕೊಂಡಿದೆ: ‘ಡಾ.’ ಎಂಬುದನ್ನು ಚುಕ್ಕೆಸಹಿತ ಒಪ್ಪಿಸಿದರೆ, ಅದು ಮೊದಲು ಚುಕ್ಕೆಯನ್ನು ಕಳಚಿ ಪದಕೋಶದಲ್ಲಿ ಅರಸಿ, ಸಿಕ್ಕದಿದ್ದಲ್ಲಿ ಚುಕ್ಕೆಯನ್ನು ಮರಳಿ ಸೇರಿಸಿ ಇನ್ನೊಮ್ಮೆ ಅರಸುತ್ತದೆ. ಆದರೆ ಒಪ್ಪಿಸುವ ತಂತ್ರಾಂಶವೇ ಚುಕ್ಕೆಯನ್ನು ಮೊದಲೇ ಕತ್ತರಿಸಿಬಿಟ್ಟಿದ್ದರೆ ಈ ಉಪಾಯ ನಿಷ್ಫಲ. ಪದಕೋಶವು ಒಂದೇ ಆಗಿದ್ದರೂ ಎರಡು ತಂತ್ರಾಂಶಗಳು ಎರಡು ಬಗೆಯ ತೀರ್ಪನ್ನು ಕೊಡುವುದಕ್ಕೆ ಇದೂ ಒಂದು ಕಾರಣ.

ಕನ್ನಡದಲ್ಲಿ ಇದರ ಮೇಲೆ ವಿಭಕ್ತಿಪ್ರತ್ಯಯದ ಭಾರವೂ ಬೀಳುತ್ತದೆ. ‘ಡಿ.ವಿ.ಜಿ.ಯವರ’, ‘ಕಿ.ಮೀ.ಗೆ’ ಎಂದು ಬರೆದೊಡನೆ ಕಡೆಯ ಚುಕ್ಕೆಯೂ ಅಕ್ಷರಗಳ ನಡುವೆ ಸಿಲುಕಿ, ಇಡೀ ರೂಪವು ಒಂದೇ ಪದವೆನಿಸಿ, ಕೆಂಪು ಗೆರೆಗೆ ಗುರಿಯಾಗುತ್ತದೆ. ಪ್ರತ್ಯಯಗಳ ಸರಪಳಿಯನ್ನು ಹೊರುವ ಹಂಗೇರಿಯನ್ ಭಾಷೆಗೆಂದೇ ಹುಟ್ಟಿದ ಹನ್‌ಸ್ಪೆಲ್‌ಗೆ ಇದು ಅಸಾಧ್ಯವೇನಲ್ಲ: ಪದಕೋಶವನ್ನು ಕಟ್ಟುವವರು ‘ಕಿ.ಮೀ.’ ಎಂಬುದನ್ನು ಪ್ರಕೃತಿಯಾಗಿ ಸೇರಿಸಿ, ಅದಕ್ಕೆ ಹತ್ತಬಹುದಾದ ಪ್ರತ್ಯಯಗಳ ನಿಯಮವನ್ನೂ ಬರೆದಿಟ್ಟರೆ ಸಾಕು. ಆದರೆ ‘ಕಿಮೀಗೆ’ ಎಂದು ಒಬ್ಬರು, ‘ಕಿ. ಮೀ. ಗೆ’ ಎಂದು ಬಿಡಿಸಿ ಇನ್ನೊಬ್ಬರು ಬರೆಯುವ ನಮ್ಮಲ್ಲಿ ಯಾವ ರೂಪಕ್ಕೆ ನಿಯಮ ಬರೆಯುವುದು?

ಈ ಕಷ್ಟವನ್ನು ತಪ್ಪಿಸಿಕೊಳ್ಳಲೆಂದು ಪ್ರತಿ ಚುಕ್ಕೆಯಲ್ಲಿಯೂ ಪದವನ್ನು ಒಡೆದು, ಒಂಟಿ ಅಕ್ಷರಗಳನ್ನು ಪರೀಕ್ಷಿಸದೆಯೇ ಬಿಟ್ಟುಬಿಡುವ ಮಾರ್ಗವೊಂದುಂಟು. ನೋಡುವುದಕ್ಕೆ ಅದು ಸೌಮ್ಯವಾದದ್ದು. ಕೆಂಪು ಗೆರೆಯ ಕಾಟವಿಲ್ಲ. ಆದರೂ ಹೆಚ್ಚಿನ ಕೇಡು ಇದರಿಂದಲೇ ಎಂದು ನನ್ನ ಎಣಿಕೆ. ತಪ್ಪಾಗಿ ಬಿದ್ದ ಗೆರೆಯನ್ನು, ಆ ಪದವನ್ನು ಸ್ವಂತ ಪದಕೋಶಕ್ಕೆ ಸೇರಿಸಿ, ಬಳಕೆದಾರನೇ ಅಳಿಸಿಕೊಳ್ಳಬಹುದು, ‘ಕಿ.ಮೀ.’ ಎಂಬುದು ‘ಕಿ.ಮಿ.’ ಎಂದಾದಾಗಲೂ ಸುಮ್ಮನಿರುವ ಪರೀಕ್ಷಕವನ್ನು ಎಚ್ಚರಿಸುವ ಉಪಾಯ ಅವನ ಕೈಯಲ್ಲಿಲ್ಲ.