ಸದ್ದಿಲ್ಲದ ಫ್ರಿಜ್ ಎಷ್ಟು ತಂಪು?

ನಾಲ್ಕೈದು ಸಾವಿರ ರೂಪಾಯಿಗೆ ಮಿನಿ ಫ್ರಿಜ್ ಎಂಬ ಜಾಹೀರಾತು ಫೋನಿನಲ್ಲಿ ಕಣ್ಣಿಗೆ ಬೀಳದವರು ಕಡಿಮೆ. ಒಂದೇ ಕೈಯಲ್ಲಿ ಎತ್ತಬಹುದು, ಗುರುಗುಟ್ಟುವುದಿಲ್ಲ, ಗ್ಯಾಸ್ ತುಂಬಿಸುವ ತಾಪತ್ರಯವಿಲ್ಲ, ಕಾರಿನಲ್ಲೂ ನಡೆಯುತ್ತದೆ. ಇಷ್ಟೆಲ್ಲ ದಪ್ಪಕ್ಷರದಲ್ಲಿ ಹೇಳಿದ ಮೇಲೆ ಕೆಳಗೆಲ್ಲೋ ಒಂದು ಸಣ್ಣ ಸಾಲು ಇರುತ್ತದೆ: ಹೊರಗಿನ ತಾಪಮಾನಕ್ಕಿಂತ 15ರಿಂದ 20 ಡಿಗ್ರಿಯಷ್ಟು ತಂಪು. ದುಡ್ಡು ಕೊಡುವ ಮುನ್ನ ಓದಬೇಕಾದದ್ದು ಆ ಸಾಲನ್ನು.

ಮನೆಯ ಮಾಮೂಲಿ ಕಂಪ್ರೆಸರ್ ಫ್ರಿಜ್ ಒಳಗಿನ ತಾಪಮಾನಕ್ಕೆ ಜವಾಬ್ದಾರಿ ಹೊರುತ್ತದೆ. ಹೊರಗೆ 25 ಇರಲಿ 40 ಇರಲಿ, ಒಳಗೆ ನಾಲ್ಕೈದು ಡಿಗ್ರಿ ಉಳಿಸಿಕೊಳ್ಳುತ್ತದೆ. ಸೆಕೆ ಹೆಚ್ಚಿದರೆ ಇನ್ನಷ್ಟು ಹೊತ್ತು ಓಡುತ್ತದೆ, ಅಷ್ಟೆ. ಜಾಹೀರಾತಿನ ಈ ಮಿನಿ ಫ್ರಿಜ್, ಅಂದರೆ ಥರ್ಮೊಎಲೆಕ್ಟ್ರಿಕ್ ಪೆಟ್ಟಿಗೆ, ವಹಿಸಿಕೊಳ್ಳುವುದು ಒಳಗೂ ಹೊರಗೂ ಇರುವ ಅಂತರವನ್ನು ಮಾತ್ರ. ಹೊರಗೆ ಏರಿದರೆ ಒಳಗೂ ಏರುತ್ತದೆ. ಎರಡರ ನಡುವೆ ಆಯ್ಕೆ ಮಾಡುವಾಗ ಬೆಲೆ, ಸದ್ದು, ಲೀಟರು ಎಲ್ಲ ಆಮೇಲಿನ ಮಾತು.

ಅಂತರ 18 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕಿ. ಮಡಿಕೇರಿಯಲ್ಲಿ ಮಳೆ ಹಿಡಿದ ದಿನ ಕೋಣೆ 22 ಡಿಗ್ರಿ ಇದ್ದರೆ ಪೆಟ್ಟಿಗೆಯ ಒಳಗೆ 4. ಹಾಲಿಗೂ ಮೀನಿಗೂ ಧಾರಾಳ ಸಾಕು. ಬೆಂಗಳೂರಿನ ಮಾರ್ಚಿನಲ್ಲಿ ಕೋಣೆ 30 ಇದ್ದರೆ ಒಳಗೆ 12. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಮೇ ತಿಂಗಳ ಮಧ್ಯಾಹ್ನ 42 ಮುಟ್ಟಿದಾಗ ಒಳಗೆ 24. ಅಂದರೆ ಮಡಿಕೇರಿಯಲ್ಲಿ ಅಡುಗೆಕಟ್ಟೆಯ ಮೇಲೆ ಸುಮ್ಮನೆ ಇಟ್ಟ ಹಾಲು, ರಾಯಚೂರಿನ ಪೆಟ್ಟಿಗೆಯೊಳಗೆ ಕರೆಂಟು ತಿನ್ನುತ್ತ ಕೂತ ಹಾಲಿಗಿಂತ ತಂಪಾಗಿರುತ್ತದೆ! ಹಾಲು, ಮಾಂಸ, ಬೇಯಿಸಿದ ಪದಾರ್ಥ ಕೆಡದಿರಬೇಕಾದರೆ 5 ಡಿಗ್ರಿಯ ಆಸುಪಾಸು ಬೇಕು. 12 ಡಿಗ್ರಿಯಲ್ಲಿ ದೋಸೆ ಹಿಟ್ಟು ಮೆಲ್ಲಗೆ ಹುಳಿಯಾಗುತ್ತಲೇ ಇರುತ್ತದೆ, 24ರಲ್ಲಿ ಉಕ್ಕಿ ಪಾತ್ರೆಯಿಂದ ಹೊರಗೆ ಬರುತ್ತದೆ.

ಇಷ್ಟು ವ್ಯತ್ಯಾಸ ಯಾಕೆ ಎಂದರೆ, ಎರಡೂ ಶಾಖವನ್ನು ಒಳಗಿನಿಂದ ಹೊರಗೆ ಸಾಗಿಸುತ್ತವೆ ನಿಜ, ಆದರೆ ಸಾಗಿಸುವ ರೀತಿ ಬೇರೆ. ಕಂಪ್ರೆಸರ್ ಫ್ರಿಜ್ಜಿನದು ನಮಗೆ ಗೊತ್ತಿರುವ ಕಥೆ. ಕೊಳವೆಯಲ್ಲಿ ಒಂದು ಅನಿಲ ಸುತ್ತುತ್ತದೆ, ಈಗಿನ ಮನೆ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಐಸೊಬ್ಯುಟೇನ್. ಒಳಗಿನ ಕೊಳವೆಯಲ್ಲಿ ಅದು ದ್ರವದಿಂದ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ, ಹಿಂದಿನ ಕೊಳವೆಯಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ದ್ರವ ಆವಿಯಾಗಲು ಬೇಕಾಗುವ ಶಾಖ ದೊಡ್ಡದು, ಹಾಗಾಗಿ ಒಂದೊಂದು ಸುತ್ತಿನಲ್ಲೂ ಬಹಳಷ್ಟು ಹೊರೆ ಹೊರಕ್ಕೆ ಹೋಗುತ್ತದೆ.

ಇನ್ನೊಂದರ ಮೂಲ ಹಳೆಯದು. ಗಡಿಯಾರದ ಕೆಲಸ ಕಲಿತು ಆಮೇಲೆ ಭೌತವಿಜ್ಞಾನಕ್ಕೆ ಬಂದ ಫ್ರಾನ್ಸಿನ ಜ್ಯಾಂ ಪೆಲ್ಟಿಯೆ, ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಕರೆಂಟು ಹರಿಸಿದರೆ ಒಂದು ಬೆಸುಗೆ ಬಿಸಿಯಾಗಿ ಇನ್ನೊಂದು ತಣ್ಣಗಾಗುವುದನ್ನು 1834ರಲ್ಲಿ ಕಂಡ. ನಾಲ್ಕು ವರ್ಷಗಳ ನಂತರ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಲೆನ್ಸ್ ಎಂಬ ವಿಜ್ಞಾನಿ ಬಿಸ್ಮತ್ ಮತ್ತು ಆಂಟಿಮನಿಯ ಬೆಸುಗೆಯ ಮೇಲೆ ನೀರಿನ ಹನಿಯಿಟ್ಟು ಹೆಪ್ಪುಗಟ್ಟಿಸಿದ. ಕರೆಂಟಿನ ದಿಕ್ಕು ತಿರುಗಿಸಿದಾಗ ಅದೇ ಹನಿ ಕರಗಿತು. ಚಂದದ ಪ್ರಯೋಗ, ಆದರೆ ಲೋಹದ ಬೆಸುಗೆಯಿಂದ ಫ್ರಿಜ್ ಆಗುವಷ್ಟು ತಂಪು ಹುಟ್ಟಲಿಲ್ಲ. 1950ರ ದಶಕದಲ್ಲಿ ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕ ಕೈಗೆ ಬಂದ ಮೇಲೆಯೇ ಈ ಗುಣ ಉಪಯೋಗಕ್ಕೆ ಇಳಿದದ್ದು.

ಮಿನಿ ಫ್ರಿಜ್ಜಿನ ಹಿಂಬದಿ ಬಿಚ್ಚಿದರೆ ಒಳಗಿರುವುದು 4 ಸೆಂಟಿಮೀಟರ್ ಚೌಕದ, ಬಿಸ್ಕತ್ತಿಗಿಂತ ತೆಳುವಾದ ಒಂದು ಬಿಳಿ ಪಿಂಗಾಣಿ ಬಿಲ್ಲೆ. ಅದರಿಂದ ಒಂದು ಕೆಂಪು, ಒಂದು ಕಪ್ಪು ತಂತಿ ಹೊರಟಿರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 12706 ಎಂದು ಕೇಳಿದರೆ ಕೆಲವು ನೂರು ರೂಪಾಯಿಗೆ ಕೊಡುತ್ತಾರೆ. ಅಂಕಿಯಲ್ಲೇ ವಿವರವಿದೆ: 127 ಜೋಡಿ ಅರೆವಾಹಕ ಕಂಬಗಳು, 6 ಆಂಪಿಯರ್. ಎರಡು ಪಿಂಗಾಣಿ ತಟ್ಟೆಗಳ ನಡುವೆ ಆ ಪುಟ್ಟ ಕಂಬಗಳು ಸಾಲಾಗಿ ನಿಂತಿರುತ್ತವೆ. 12 ವೋಲ್ಟ್ ಕೊಟ್ಟು ಎರಡು ಬೆರಳ ನಡುವೆ ಹಿಡಿದರೆ ಕ್ಷಣದಲ್ಲಿ ಒಂದು ಬೆರಳಿಗೆ ಮಂಜುಗಡ್ಡೆ, ಇನ್ನೊಂದಕ್ಕೆ ಬಿಸಿ ಹಂಚು. (ಹೆಚ್ಚು ಹೊತ್ತು ಹಿಡಿಯಬೇಡಿ, ಬಿಸಿ ಬದಿಗೆ ಅಲ್ಯೂಮಿನಿಯಂ ರೆಕ್ಕೆ ಅಂಟಿಸದೆ ಚಾಲೂ ಇಟ್ಟರೆ ಬೆರಳೂ ಸುಡುತ್ತದೆ, ಬಿಲ್ಲೆಯೂ ಸಾಯುತ್ತದೆ.) ತಣ್ಣನೆ ಬದಿ ಪೆಟ್ಟಿಗೆಯ ಒಳಗೋಡೆಗೆ ತಾಗಿರುತ್ತದೆ. ಬಿಸಿ ಬದಿಗೆ ಬಿಳಿ ಪೇಸ್ಟ್ ಸವರಿ ರೆಕ್ಕೆಗಳ ಹೀಟ್‌ಸಿಂಕ್ ಕೂರಿಸಿ, ಅದರ ಮೇಲೊಂದು ಫ್ಯಾನ್ ಇಟ್ಟಿರುತ್ತಾರೆ. ಇಡೀ ಯಂತ್ರದಲ್ಲಿ ತಿರುಗುವುದು ಫ್ಯಾನ್ ಮಾತ್ರ, ಕಂಪ್ರೆಸರಿನ ಗುಡುಗುಡು ಇಲ್ಲದಿರುವುದಕ್ಕೆ ಕಾರಣ ಇದು.

ಬಿಲ್ಲೆಯ ಕಷ್ಟವೇನೆಂದರೆ ಬಿಸಿ ಬದಿಗೂ ತಣ್ಣನೆ ಬದಿಗೂ ನಡುವೆ ಮೂರ್ನಾಲ್ಕು ಮಿಲಿಮೀಟರ್ ಅಂತರವೂ ಇಲ್ಲ. ಕರೆಂಟು ಆಚೆಗೆ ನೂಕಿದ ಶಾಖ ಅದೇ ಕಂಬಗಳ ಮೂಲಕ ಈಚೆಗೆ ಜಿನುಗುತ್ತದೆ. ತೂತು ಕೊಡದಲ್ಲಿ ನೀರು ಸೇದಿದ ಹಾಗೆ, ಬಾವಿ ಆಳವಾದಷ್ಟೂ ಮೇಲೆ ಬರುವ ಹೊತ್ತಿಗೆ ಉಳಿಯುವುದು ಕಡಿಮೆ. ಹಾಗಾದರೆ ಕರೆಂಟು ಜಾಸ್ತಿ ಕೊಟ್ಟರಾಯಿತಲ್ಲ ಎಂದರೆ ಅದಕ್ಕೂ ಒಂದು ತೊಡಕು. ಕರೆಂಟು ಹರಿಯುವಾಗ ಯಾವ ತಂತಿಯಾದರೂ ಬಿಸಿಯಾಗುವಂತೆ ಬಿಲ್ಲೆಯೂ ಬಿಸಿಯಾಗುತ್ತದೆ, ಆ ಬಿಸಿಯ ಸುಮಾರು ಅರ್ಧ ತಣ್ಣನೆ ಬದಿಗೇ ಬಂದು ಸೇರುತ್ತದೆ. ಕರೆಂಟು ದುಪ್ಪಟ್ಟಾದರೆ ಶಾಖ ಹೊರುವ ಶಕ್ತಿ ದುಪ್ಪಟ್ಟು, ಆದರೆ ಹುಟ್ಟುವ ಬಿಸಿ ನಾಲ್ಕು ಪಟ್ಟು. ಒಂದು ಮಟ್ಟ ದಾಟಿದ ಮೇಲೆ ಕರೆಂಟು ಏರಿಸಿದಷ್ಟೂ ಒಳಗೆ ತಂಪು ಕಡಿಮೆಯಾಗುತ್ತದೆ. ಬಿಲ್ಲೆ ತಯಾರಿಸುವವರ ಪಟ್ಟಿಯಲ್ಲಿ ಎರಡು ಬದಿಗಳ ನಡುವೆ 65–70 ಡಿಗ್ರಿ ಅಂತರ ಸಾಧ್ಯ ಎಂದು ಬರೆದಿರುವುದು ಸುಳ್ಳಲ್ಲ. ಆದರೆ ಆ ಅಂಕಿ ಹೊರಬೇಕಾದ ಶಾಖ ಸೊನ್ನೆ ಇದ್ದಾಗಿನದು. ಗೋಡೆಯಿಂದ ನುಸುಳುವ ಸೆಕೆ, ಬಾಗಿಲು ತೆರೆದಾಗ ನುಗ್ಗುವ ಗಾಳಿ, ಒಳಗಿಟ್ಟ ಪಾತ್ರೆ ಎಲ್ಲ ಸೇರಿದಾಗ ಉಳಿಯುವುದು ಆ ಸಣ್ಣಕ್ಷರದ 15–20.

ಕರೆಂಟಿನ ವಿಷಯಕ್ಕೆ ಬಂದರೆ ‘ಬರೀ 60 ವ್ಯಾಟ್’ ಎಂಬ ಮಾತಿಗೆ ಮರುಳಾಗಬೇಡಿ. ಒಂದು ಯೂನಿಟ್ ಕರೆಂಟು ತಿಂದು ಕಂಪ್ರೆಸರ್ ಒಂದೂವರೆ, ಎರಡು ಯೂನಿಟ್ಟಿನಷ್ಟು ಶಾಖ ಹೊರಗೆ ಹಾಕಬಲ್ಲದು. ಈ ಬಿಲ್ಲೆ ಅರ್ಧ ಯೂನಿಟ್ ಹಾಕಿದರೆ ಹೆಚ್ಚು. ಜೊತೆಗೆ ಕಂಪ್ರೆಸರ್ ಬೇಕಾದಷ್ಟು ತಣ್ಣಗಾದ ಮೇಲೆ ಸುಮ್ಮನಾಗುತ್ತದೆ. ಅಗ್ಗದ ಥರ್ಮೊಎಲೆಕ್ಟ್ರಿಕ್ ಪೆಟ್ಟಿಗೆಗೆ ನಮ್ಮ ಬೇಸಿಗೆಯಲ್ಲಿ ಸುಮ್ಮನಾಗುವ ಯೋಗ ಬರುವುದೇ ಇಲ್ಲ. ದಿನವಿಡೀ 60 ವ್ಯಾಟ್ ಎಂದರೆ 1.44 ಯೂನಿಟ್, ತಿಂಗಳಿಗೆ 43, ವರ್ಷಕ್ಕೆ 525. ಒಂದೇ ಬಾಗಿಲಿನ 180 ಲೀಟರಿನ ಮಾಮೂಲಿ ಫ್ರಿಜ್ಜಿನ ಸ್ಟಾರ್ ಚೀಟಿಯ ಮೇಲೆ ಬರೆದಿರುವ ವಾರ್ಷಿಕ ಯೂನಿಟ್ ನೋಡಿ, ಸಾಮಾನ್ಯವಾಗಿ 100ರಿಂದ 200ರ ಒಳಗಿರುತ್ತದೆ. ಕಾಲು ಭಾಗವೂ ಜಾಗವಿಲ್ಲದ ಪೆಟ್ಟಿಗೆ ಮೂರು ಪಟ್ಟು ಉಣ್ಣುತ್ತದೆ. ರಾಜ್ಯ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಸೌಲಭ್ಯ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಮಾತ್ರ ಹೆಚ್ಚು ಕೊಡುವುದರಿಂದ, ತಿಂಗಳಿಗೆ 43 ಯೂನಿಟ್ ಹೊಸದಾಗಿ ಸೇರಿದರೆ ಸೊನ್ನೆ ಬಿಲ್ಲು ಬರುತ್ತಿದ್ದ ಎಷ್ಟೋ ಮನೆಗಳಿಗೆ ದುಡ್ಡು ಕಟ್ಟುವ ಬಿಲ್ಲು ಬಂದೀತು.

ಕರೆಂಟು ಹೋದಾಗಲೂ ಬಿಲ್ಲೆ ಕೈ ಕೊಡುತ್ತದೆ. ಕಂಪ್ರೆಸರ್ ನಿಂತರೂ ಬಾಗಿಲು ತೆರೆಯದಿದ್ದರೆ ಫ್ರಿಜ್ ಕೆಲವು ಗಂಟೆ ತಂಪು ಹಿಡಿದಿಡುತ್ತದೆ. ಇಲ್ಲಿ ಬಿಲ್ಲೆಯೇ ಗೋಡೆಯಲ್ಲಿ ತೆರೆದ ಕಿಂಡಿಯಾಗಿ, ಬಿಸಿ ರೆಕ್ಕೆಗಳ ಶಾಖವನ್ನು ನೇರ ಒಳಗೆ ಬಿಟ್ಟುಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ಈ ತಂತ್ರ ಯಾರಿಗೂ ಬೇಡದ್ದು ಎಂದುಕೊಳ್ಳಬಾರದು. 2010ರ ಆಸುಪಾಸಿನಲ್ಲಿ ಗೋದ್ರೆಜ್ ಕಂಪನಿ ಛೋಟುಕೂಲ್ ಎಂಬ ಪೆಟ್ಟಿಗೆ ತಂದದ್ದು ಕೆಲವರಿಗೆ ನೆನಪಿರಬಹುದು. 43 ಲೀಟರ್, ಎಂಟು ಕಿಲೋಗಿಂತ ಕಡಿಮೆ ತೂಕ, ಬೆಲೆ ಮೂರು ಸಾವಿರದ ಚಿಲ್ಲರೆ, 12 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಫ್ರಿಜ್ಜೇ ಕಾಣದ ಹಳ್ಳಿಯ ಮನೆಗಳಿಗೆ, ಕರೆಂಟು ಬಂದು ಹೋಗುವ ಊರುಗಳಿಗೆ ಎಂದೇ ಮಾಡಿದ್ದು. ಬಾಗಿಲನ್ನು ಮುಂದೆ ಇಡದೆ ಮುಚ್ಚಳದಂತೆ ಮೇಲೆ ಇಟ್ಟಿದ್ದು ಜಾಣತನ. ತಣ್ಣನೆ ಗಾಳಿ ಭಾರ, ಮೇಲಿನಿಂದ ತೆರೆದರೆ ಒಳಗೇ ಉಳಿಯುತ್ತದೆ. ಸಿಕ್ಕ ಸ್ವಲ್ಪ ತಂಪನ್ನು ಹೀಗೆ ಕಾಪಾಡಿಕೊಂಡ ವಿನ್ಯಾಸ ಅದು. ಆದರೂ ಕೊನೆಗೆ ಅದಕ್ಕೆ ಗಿರಾಕಿಗಳು ಸಿಕ್ಕಿದ್ದು ಬೇರೆ ಕಡೆ: ಕಾರು, ಹೋಟೆಲು, ಸಣ್ಣ ಅಂಗಡಿ. ನನ್ನ ಊಹೆ ಇಷ್ಟೇ. ಮೊದಲ ಫ್ರಿಜ್ ಕೊಳ್ಳುವ ಮನೆಗೆ ಐಸ್ ಬೇಕು, ನಾಳೆಗೆ ಹಾಲು ಉಳಿಯಬೇಕು. ಎರಡನೆಯ ಫ್ರಿಜ್ ಕೊಳ್ಳುವವರಿಗೆ ನೀರು ತಣ್ಣಗಿದ್ದರೆ ಸಾಕು.

ಹಾಗಾಗಿ 10–20 ಡಿಗ್ರಿಯಲ್ಲಿ ಸುಖವಾಗಿರುವ ವಸ್ತುಗಳಿಗೆ ಇದು ಒಳ್ಳೆಯ ಜಾಗ. ಮಲ್ಲಿಗೆ ದಂಡೆ, ಚಾಕೊಲೇಟು, ನೀರಿನ ಬಾಟಲಿ, ಒಂದು ರಾತ್ರಿ ಬಾಡದಿರಬೇಕಾದ ಸೊಪ್ಪು, ಹಣ್ಣು. ಇನ್ಸುಲಿನ್ ವಿಷಯದಲ್ಲಿ ಎಚ್ಚರ ಬೇಕು. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಸಾಮಾನ್ಯ ಥರ್ಮೊಎಲೆಕ್ಟ್ರಿಕ್ ಪೆಟ್ಟಿಗೆಯನ್ನು ನಂಬಿ ಅದನ್ನು ಬಿಡುವಂತಿಲ್ಲ. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನಿನ ಕಥೆ ಬೇರೆ. ಹೆಚ್ಚಿನವು 30 ಡಿಗ್ರಿ ಮೀರದಿದ್ದರೆ ಕೆಲವು ವಾರ ಹೊರಗೇ ಇರಬಲ್ಲವು (ಪ್ಯಾಕಿನ ಮೇಲೆ ಬರೆದದ್ದೇ ಅಂತಿಮ). ಕಲಬುರಗಿಯ ಬೇಸಿಗೆಯಲ್ಲಿ ಅಂಥ ಪೆನ್ನಿಗೆ 24 ಡಿಗ್ರಿಯ ಪೆಟ್ಟಿಗೆ ನಿಜಕ್ಕೂ ಉಪಕಾರಿ. ಮಾಮೂಲಿ ಫ್ರಿಜ್ಜಿನಲ್ಲಿ ಫ್ರೀಜರಿಗೆ ತಾಗಿಸಿಟ್ಟು ಹೆಪ್ಪುಗಟ್ಟಿದರೆ ಇನ್ಸುಲಿನ್ ಎಸೆಯಬೇಕಾಗುತ್ತದೆ ಎಂಬುದೂ ನೆನಪಿರಲಿ.

ತಣ್ಣಗಾಗಲು ಹಿಡಿಯುವ ಹೊತ್ತನ್ನು ಯಾರೂ ಹೇಳುವುದಿಲ್ಲ. ಐದು ಲೀಟರ್ ನೀರನ್ನು 30ರಿಂದ 10 ಡಿಗ್ರಿಗೆ ಇಳಿಸಲು 418 ಕಿಲೋಜೂಲ್ ಶಾಖ ತೆಗೆಯಬೇಕು. ಬಿಲ್ಲೆ 20 ವ್ಯಾಟ್ ಶಾಖ ಹೊರಗೆ ಹಾಕುತ್ತದೆಂದರೆ ಸುಮಾರು ಆರು ಗಂಟೆ, ಅದೂ ಗೋಡೆಯಿಂದ ಸೆಕೆ ನುಸುಳದಿದ್ದರೆ. ಆದ್ದರಿಂದ ದೊಡ್ಡ ಫ್ರಿಜ್ಜಿನಲ್ಲಿ ಮೊದಲೇ ತಣ್ಣಗಾದದ್ದನ್ನು ಇದರೊಳಗೆ ವರ್ಗಾಯಿಸುವುದು ಜಾಣ ಬಳಕೆ. ಕಾರು ಪ್ರಯಾಣಕ್ಕೆ ಹೀಗೆ ಮಾಡಿದರೆ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಇಂಜಿನ್ ನಿಲ್ಲಿಸಿ ರಾತ್ರಿಯಿಡೀ ಸಾಕೆಟ್ಟಿನಲ್ಲಿ ಬಿಡಬೇಡಿ. 5 ಆಂಪಿಯರಿನಂತೆ ಎಂಟು ಗಂಟೆಗೆ 40 ಆಂಪಿಯರ್ ಅವರ್, ಸಣ್ಣ ಕಾರಿನ ಬ್ಯಾಟರಿ ಇಡಿಯಾಗಿ ಖಾಲಿ. ಲಾರಿ ಅಥವಾ ಟೆಂಪೊ ಟ್ರಾವೆಲರಿನಲ್ಲಿ ದಿನಗಟ್ಟಲೆ ಓಡಾಡುವವರಿಗೆ 12 ವೋಲ್ಟಿನ ಕಂಪ್ರೆಸರ್ ಪೆಟ್ಟಿಗೆಗಳೇ ಸಿಗುತ್ತವೆ. ಬೆಲೆ ಹೆಚ್ಚು, ಆದರೆ ಐಸ್ ಕಟ್ಟುತ್ತವೆ, ತಣ್ಣಗಾದ ಮೇಲೆ ಸುಮ್ಮನಾಗುತ್ತವೆ.

ಕೋಣೆಗೆ ಒಂದೇ ಫ್ರಿಜ್, ಅದರಲ್ಲೇ ಹಾಲು, ಹಿಟ್ಟು, ನಿನ್ನೆಯ ಸಾರು ಎಲ್ಲ ಇಡಬೇಕು ಎನ್ನುವವರು ಸುಮಾರು 45–50 ಲೀಟರಿನ ಕಂಪ್ರೆಸರ್ ಮಾದರಿ ಹುಡುಕಲಿ. ಜಾಹೀರಾತಿನಲ್ಲಿ ಎರಡಕ್ಕೂ ಮಿನಿ ಫ್ರಿಜ್ ಎಂಬ ಒಂದೇ ಹೆಸರು, ಗುರುತಿಸುವುದು ಕಷ್ಟವಲ್ಲ. ಹಿಂದಿನ ಚೀಟಿಯಲ್ಲಿ ಆರ್600ಎ ಎಂದೋ ಬೇರೆ ಶೀತಕದ ಹೆಸರೋ ಇಷ್ಟು ಗ್ರಾಂ ಎಂಬ ತೂಕದೊಂದಿಗೆ ಇದ್ದರೆ ಕಂಪ್ರೆಸರ್. ಹಿಂಬದಿಯ ಕೆಳಗೆ ಕಪ್ಪು ಗಡಿಗೆಯಂಥ ಉಬ್ಬು ಕಂಡರೂ ಅಷ್ಟೇ. ಫ್ಯಾನಿನ ಜಾಲರಿ ಮಾತ್ರ ಕಂಡು, ಪೆಟ್ಟಿಗೆ ಐದಾರು ಕಿಲೋ ತೂಗಿದರೆ ಒಳಗಿರುವುದು ಬಿಲ್ಲೆ.

ಬಿಲ್ಲೆಯದನ್ನೇ ಕೊಂಡರೆ ಗೋಡೆಯಿಂದ ಒಂದು ಗೇಣು ದೂರ ಇಡಿ, ಮುಚ್ಚಿದ ಕಪಾಟಿನೊಳಗೆ ಸಿಕ್ಕಿಸಬೇಡಿ. ಹೀಟ್‌ಸಿಂಕಿನ ರೆಕ್ಕೆಗಳಲ್ಲಿ ಕೂರುವ ಧೂಳನ್ನು ತಿಂಗಳಿಗೊಮ್ಮೆ ಬ್ರಷ್ಷಿನಿಂದ ಉದುರಿಸಿ. ಈ ಪೆಟ್ಟಿಗೆಗಳು ಕೆಟ್ಟವೆಂದರೆ ಮೊದಲು ನೋಡಬೇಕಾದದ್ದು ಫ್ಯಾನ್, ಅದು ನಿಂತರೆ ಬಿಲ್ಲೆ ತಾನೇ ಬೆಂದು ಹೋಗುತ್ತದೆ. ಮನೆಗೆ ತಂದ ದಿನವೇ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು (ಜ್ವರದ್ದಲ್ಲ, ಅಡುಗೆಗೆ ಬಳಸುವಂಥದ್ದು) ಒಂದು ಹಗಲು ಬಿಟ್ಟು ನೋಡಿ. ಹಗಲೇ ನೋಡಬೇಕು, ರಾತ್ರಿಯ ತಂಪಿನಲ್ಲಿ ಎಲ್ಲ ಪೆಟ್ಟಿಗೆಗಳೂ ಚೆನ್ನಾಗಿ ಕೆಲಸ ಮಾಡುತ್ತವೆ. ಮಧ್ಯಾಹ್ನ ಮೂರಕ್ಕೆ ಕೋಣೆಯದನ್ನೂ ಲೋಟದ್ದನ್ನೂ ಬರೆದುಕೊಂಡು ಕಳೆಯಿರಿ. ಅಂತರ 15 ಕೂಡ ಬರದಿದ್ದರೆ, ವಾಪಸು ಕೊಡುವ ಗಡುವು ಮುಗಿಯುವುದರೊಳಗೆ ಪೆಟ್ಟಿಗೆಯನ್ನು ಮತ್ತೆ ಕಟ್ಟಿ ಕಳಿಸಿ.